ಓದಲಾರದವರಿಗಾಗಿ ಕ್ಯಾಮೆರಾ ಹಿಡಿದ ಕಾದಂಬರಿಕಾರ

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದಲ್ಲಿ 1975ರಲ್ಲಿ ‘ಖಲಾ’ ಎಂಬ ಚಲನಚಿತ್ರ ತೆರೆಕಂಡಾಗ, ಅದನ್ನು ನೋಡಬಂದವರಿಗೆ ಒಂದು ಕರಪತ್ರವನ್ನೂ ಹಂಚಲಾಯಿತು. ಸರ್ಕಾರದ ಸೆನ್ಸಾರು ಈ ಚಿತ್ರದಿಂದ ಯಾವ ಯಾವ ದೃಶ್ಯಗಳನ್ನು ಕತ್ತರಿಸಿ ತೆಗೆದಿದೆ ಎಂಬ ವಿವರ ಅದರಲ್ಲಿತ್ತು. ಹಂಚಿಸಿದವರು ಚಿತ್ರದ ನಿರ್ದೇಶಕ ಉಸ್ಮಾನ್ ಸೆಂಬೆನ್. ಪರದೆಯ ಮೇಲೆ ಕಾಣದಂತೆ ಮಾಡಿದ್ದನ್ನು ಕಾಗದದ ಮೇಲೆ ಕಾಣಿಸುವ ಆ ಉಪಾಯದಲ್ಲಿ ತುಂಟತನವಿತ್ತು, ಸಿಟ್ಟೂ ಇತ್ತು.

ಇದಕ್ಕಿಂತ ಹೆಚ್ಚಾಗಿ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಚಿತ್ರದ ಕಥೆ ಹೊಸದೇನೂ ಆಗಿರಲಿಲ್ಲ. ಎರಡು ವರ್ಷ ಮುಂಚೆ, 1973ರಲ್ಲಿ, ಇದೇ ಸೆಂಬೆನ್ ಇದೇ ಹೆಸರಿನಲ್ಲಿ ಇದೇ ಕಥೆಯನ್ನು ಫ್ರೆಂಚ್ ಭಾಷೆಯ ಕಾದಂಬರಿಯಾಗಿ ಪ್ರಕಟಿಸಿದ್ದರು. ಅದೇ ಶ್ರೀಮಂತ ವರ್ತಕ, ಅದೇ ಭ್ರಷ್ಟತೆ, ಅದೇ ವ್ಯಂಗ್ಯ. ಆ ಪುಸ್ತಕದ ಹಾಳೆಗಳನ್ನು ಹರಿಯಲು ಯಾವ ಅಧಿಕಾರಿಯೂ ಮುಂದಾಗಲಿಲ್ಲ. ಕಾದಂಬರಿಯಲ್ಲಿ ಸಹಿಸಿಕೊಳ್ಳಬಹುದಾಗಿದ್ದ ಮಾತು ಸಿನಿಮಾದಲ್ಲಿ ಅಸಹನೀಯವಾದದ್ದು ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸೆಂಬೆನ್ ಅವರ ಇಡೀ ಬದುಕೇ ನಮ್ಮೆದುರು ತೆರೆದುಕೊಳ್ಳುತ್ತದೆ.

ನನಗಂತೂ ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಲೇಖನ ಅಚ್ಚಾದ ದಿನ ಅವರು ಪತ್ರಿಕೆಯನ್ನು ನೀಟಾಗಿ ಮಡಚಿ ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿದ್ದರು. ಇದರಲ್ಲಿ ಏನು ಬರೆದಿದ್ದೀಯೆ ಎಂದು ಒಮ್ಮೆ ಕೇಳಿದರು. ರೈತರ ಸಾಲದ ವಿಚಾರ ಎಂದು ಒಂದೇ ಮಾತಿನಲ್ಲಿ ಮುಗಿಸಿ ನಾನು ಹೊರಗೆ ಹೊರಟೆ. ಹೊಲದ ಸಾಲಕ್ಕಾಗಿ ಕಿವಿಯೋಲೆ ಬಿಚ್ಚಿ ಕೊಟ್ಟ ಹೆಂಗಸು ಅವರು. ಮುಂದಿನ ಮಾತಿಗಾಗಿ ಅವರು ಬಾಗಿಲಲ್ಲೇ ನಿಂತಿದ್ದರೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಸೆಂಬೆನ್ ಅವರನ್ನು ಓದಿದ ಮೇಲೆ.

ಸೆಂಬೆನ್ ಹುಟ್ಟಿದ್ದು 1923ರ ಜನವರಿಯಲ್ಲಿ, ಸೆನೆಗಲ್‌ನ ದಕ್ಷಿಣಕ್ಕಿರುವ ಕಾಸಮಾನ್ಸ್ ಪ್ರಾಂತದ ಜಿಗಿನ್‌ಶೋರ್ ಪಟ್ಟಣದಲ್ಲಿ. ಆಗ ಆ ನಾಡು ಫ್ರೆಂಚರ ವಸಾಹತು. ತಂದೆ ಮೀನುಗಾರರು. ಹುಡುಗ ಕುರಾನ್ ಕಲಿಸುವ ಮದರಸಾಕ್ಕೂ ಹೋದ, ಫ್ರೆಂಚರ ಶಾಲೆಗೂ ಹೋದ. ಹದಿಹರೆಯಕ್ಕೆ ಕಾಲಿಡುತ್ತಿದ್ದಂತೆ ಮುಖ್ಯೋಪಾಧ್ಯಾಯರ ಮೇಲೆ ಕೈಮಾಡಿ ಶಾಲೆಯಿಂದ ಹೊರಬಿದ್ದ. ಅಲ್ಲಿಗೆ ಅವನ ಶಾಲಾ ಶಿಕ್ಷಣ ಮುಗಿಯಿತು. ತಂದೆಯ ಕಸುಬು ಹಿಡಿಯೋಣವೆಂದರೆ ದೋಣಿ ಏರಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಕಡಲು ಒಗ್ಗದ ಆ ಬೆಸ್ತರ ಹುಡುಗ 1938ರಲ್ಲಿ ಡಕಾರ್ ನಗರ ಸೇರಿ ಗಾರೆಕೆಲಸ, ಮೆಕ್ಯಾನಿಕ್ ಕೆಲಸ ಎಂದು ಕೈಗೆ ಸಿಕ್ಕಿದ್ದನ್ನು ಮಾಡುತ್ತ ಬೆಳೆದ. 1944ರಲ್ಲಿ ಫ್ರೆಂಚ್ ಸೇನೆ ಅವನನ್ನು ಸೆಳೆದುಕೊಂಡಿತು. ನೈಜರ್ ಪ್ರದೇಶದಲ್ಲಿ ಸೈನ್ಯದ ಲಾರಿ ಓಡಿಸುವ ಕೆಲಸ. ತನ್ನನ್ನು ಆಳುವವರ ಯುದ್ಧದಲ್ಲಿ ತಾನು ಏಕೆ ದುಡಿಯುತ್ತಿದ್ದೇನೆ ಎಂಬ ಪ್ರಶ್ನೆ ಆ ಪೀಳಿಗೆಯ ಅನೇಕ ಆಫ್ರಿಕನ್ ಸೈನಿಕರಂತೆ ಅವನನ್ನೂ ಕಾಡಿತು.

ಯುದ್ಧ ಮುಗಿದ ಬಳಿಕ ಸೆಂಬೆನ್ ಫ್ರಾನ್ಸಿಗೆ ವಲಸೆ ಹೋದರು. ಮೊದಲು ಪ್ಯಾರಿಸ್ಸಿನ ಸಿಟ್ರೊಯೆನ್ ಕಾರು ಕಾರ್ಖಾನೆಯಲ್ಲಿ, ಆಮೇಲೆ ಮಾರ್ಸೇಲ್ ಬಂದರಿನಲ್ಲಿ ಹಮಾಲಿ. ಅಲ್ಲಿ ಕಾರ್ಮಿಕ ಸಂಘಟನೆಯನ್ನೂ ಕಮ್ಯುನಿಸ್ಟ್ ಪಕ್ಷವನ್ನೂ ಸೇರಿದರು. 1951ರಲ್ಲಿ ಹಡಗಿನ ಸರಕು ಇಳಿಸುವಾಗ ಬೆನ್ನುಮೂಳೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಯಿತು. ಹೊರೆ ಹೊರುವುದು ನಿಂತಾಗ ಓದುವುದು ಹೆಚ್ಚಿತು. ಕಾರ್ಮಿಕ ಸಂಘದ ಗ್ರಂಥಾಲಯವೇ ಅವರ ವಿಶ್ವವಿದ್ಯಾಲಯವಾಯಿತು. ಓದುತ್ತ ಹೋದವರಿಗೆ ಒಂದು ಕೊರತೆ ಕಂಡಿತು. ಅಷ್ಟೊಂದು ಪುಸ್ತಕಗಳ ನಡುವೆ ತನ್ನಂಥ ಆಫ್ರಿಕನ್ ಕೂಲಿಯ ಬದುಕು ಎಲ್ಲೂ ಇರಲಿಲ್ಲ. 1956ರಲ್ಲಿ ಬಂದ ಅವರ ಮೊದಲ ಕಾದಂಬರಿಯ ಹೆಸರೇ ‘ಕಪ್ಪು ಹಮಾಲಿ’ ಎಂಬರ್ಥದ್ದು.

ಅವರಿಗೆ ಕೀರ್ತಿ ತಂದದ್ದು 1960ರ ‘ದೇವರ ಕಟ್ಟಿಗೆ ತುಂಡುಗಳು’. ಡಕಾರ್–ನೈಜರ್ ರೈಲುಮಾರ್ಗದ ಕಾರ್ಮಿಕರು 1947ರ ಅಕ್ಟೋಬರ್‌ನಿಂದ 1948ರ ಮಾರ್ಚ್‌ವರೆಗೆ ನಡೆಸಿದ ಮುಷ್ಕರದ ಕಥೆ ಅದು. ಮನುಷ್ಯರನ್ನು ಎಣಿಸಿದರೆ ಕೇಡಾಗುತ್ತದೆಂಬ ನಂಬಿಕೆ ಆ ಸೀಮೆಯಲ್ಲಿದೆ. ಹಾಗಾಗಿ ಜನರ ಬದಲು ದೇವರ ಕಟ್ಟಿಗೆ ತುಂಡುಗಳನ್ನು ಎಣಿಸುತ್ತಿದ್ದೇವೆ ಎನ್ನುವುದು ವಾಡಿಕೆ. ಹೆಸರು ಬಂದದ್ದು ಅಲ್ಲಿಂದ. ಥಿಯೆಸ್ ಊರಿನಿಂದ ಡಕಾರ್‌ವರೆಗೆ ಕಾಲ್ನಡಿಗೆಯಲ್ಲಿ ಹೊರಡುವ ಹೆಂಗಸರ ಮೆರವಣಿಗೆಯ ಭಾಗವನ್ನು ಓದಿದವರು ಮರೆಯಲಾರರು.

ಅದೇ 1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಸೆಂಬೆನ್ ತಾಯ್ನಾಡಿಗೆ ಮರಳಿದರು, ಆಫ್ರಿಕಾದ ಹಲವು ಭಾಗಗಳನ್ನು ಸುತ್ತಿದರು. ಆ ತಿರುಗಾಟದಲ್ಲಿ ಒಂದು ಕಹಿ ಸತ್ಯ ಅವರಿಗೆ ಸ್ಪಷ್ಟವಾಯಿತು. ಮುಷ್ಕರ ಹೂಡಿದ ಕಾರ್ಮಿಕರು, ದಾರಿ ನಡೆದ ಹೆಂಗಸರು, ಬಂದರಿನ ಹಮಾಲಿಗಳು ಯಾರೂ ತಮ್ಮ ಕುರಿತ ಕಾದಂಬರಿಯನ್ನು ಓದುವಂತಿರಲಿಲ್ಲ. ಹೆಚ್ಚಿನವರಿಗೆ ಅಕ್ಷರ ಬಾರದು. ಬಂದರೂ ಫ್ರೆಂಚ್ ಬಾರದು. ನಾಡಿನ ಬಹುಜನರ ಆಡುಮಾತಾದ ವೊಲೊಫ್‌ನಲ್ಲಿ ಬರೆಯೋಣವೆಂದರೆ ಆ ಭಾಷೆಯನ್ನು ಕಲಿಸುವ ಶಾಲೆಯೂ ಇರಲಿಲ್ಲ, ಅದನ್ನು ಓದುವ ಓದುಗ ವರ್ಗವೂ ಇರಲಿಲ್ಲ. ಫ್ರೆಂಚರು ಹೋದರೂ ಫ್ರೆಂಚ್ ಆಡಳಿತ ಭಾಷೆಯಾಗಿ ಉಳಿದಿತ್ತು. ನಾಡಿನ ಮೊದಲ ಅಧ್ಯಕ್ಷ ಲಿಯೊಪೋಲ್ಡ್ ಸೆಂಗೋರ್ ಅವರೇ ಫ್ರೆಂಚ್ ಕಾವ್ಯದ ದೊಡ್ಡ ಹೆಸರು. ಮುಂದೆ 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದವರು.

ಹೀಗೆ ಕಟ್ಟಿಹೋದ ದಾರಿಯನ್ನು ಬಳಸಿ ಹೋಗಲು ಸೆಂಬೆನ್ ಮಾಡಿದ ಕೆಲಸಕ್ಕೆ ಧೈರ್ಯ ಬೇಕು. ನಾಲ್ವತ್ತರ ಹೊಸ್ತಿಲಲ್ಲಿ, ನಾಲ್ಕು ಪುಸ್ತಕ ಬರೆದು ಹೆಸರು ಮಾಡಿದ ಲೇಖಕ ಮತ್ತೆ ವಿದ್ಯಾರ್ಥಿಯಾಗಿ ಮಾಸ್ಕೊಗೆ ಹೋದರು. ಅಲ್ಲಿನ ಗೋರ್ಕಿ ಸ್ಟುಡಿಯೊದಲ್ಲಿ ಮಾರ್ಕ್ ದೊನ್‌ಸ್ಕೊಯ್ ಅವರ ಬಳಿ ಸಿನಿಮಾ ಕಲಿತರು. ಮರಳಿ ಬಂದು 1963ರಲ್ಲಿ ಮಾಡಿದ ‘ಬೊರೊಮ್ ಸಾರೆತ್’ ಸುಮಾರು 20 ನಿಮಿಷಗಳ ಕಿರುಚಿತ್ರ. ಡಕಾರ್‌ನ ಒಬ್ಬ ಗಾಡಿ ಹೊಡೆಯುವವನ ಒಂದು ದಿನ, ಅಷ್ಟೇ. ಗಾಡಿಗಳಿಗೆ ಪ್ರವೇಶವಿಲ್ಲದ ಸಿರಿವಂತರ ಬಡಾವಣೆಗೆ ಹೋದ ತಪ್ಪಿಗೆ ಅವನು ಗಾಡಿಯನ್ನೇ ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಾನೆ.

ಅಲ್ಲಿಂದ ಮುಂದೆ ಸೆಂಬೆನ್ ತಮ್ಮ ಬರಹಗಳನ್ನೇ ಒಂದೊಂದಾಗಿ ಪರದೆಗೆ ತಂದರು. 1962ರ ಕಥಾಸಂಕಲನದಲ್ಲಿದ್ದ ಒಂದು ಸಣ್ಣಕಥೆ 1966ರಲ್ಲಿ ‘ಲಾ ನ್ವಾರ್ ದ’ ಚಿತ್ರವಾಯಿತು. ಫ್ರೆಂಚ್ ದಂಪತಿಯ ಮನೆಗೆಲಸಕ್ಕೆಂದು ಡಕಾರ್‌ನಿಂದ ಆಂತೀಬ್ ಪಟ್ಟಣಕ್ಕೆ ಹೋದ ದಿವಾನಾ ಎಂಬ ಯುವತಿ ಅಲ್ಲಿನ ನಾಲ್ಕು ಗೋಡೆಗಳ ನಡುವೆ ಮಾತಿಲ್ಲದೆ ಕುಗ್ಗಿ ಕೊನೆಗೆ ಪ್ರಾಣ ಕಳೆದುಕೊಳ್ಳುವ ಕಥೆ ಅದು. ಆಕೆಗೆ ಓದು ಬರಹ ಬಾರದು. ತಾಯಿಯ ಹೆಸರಿನಲ್ಲಿ ಬಂದ ಪತ್ರವನ್ನು ಓದುವವನೂ ಒಡೆಯ, ಅದಕ್ಕೆ ಉತ್ತರ ಬರೆಯಹೊರಡುವವನೂ ಒಡೆಯ. ಚಿತ್ರಕ್ಕೆ ಫ್ರಾನ್ಸಿನ ಪ್ರತಿಷ್ಠಿತ ಜಾನ್ ವಿಗೊ ಪ್ರಶಸ್ತಿ ಬಂತು. ಆದರೆ ಅದರ ಮಾತು ಇನ್ನೂ ಫ್ರೆಂಚ್ ಆಗಿತ್ತು. ದಿವಾನಾಳ ತಾಯಿಯಂಥವರು ಚಿತ್ರಮಂದಿರಕ್ಕೆ ಬಂದರೂ ಮಗಳ ಮನದ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಆ ಕೊರತೆ ನೀಗಿದ್ದು 1968ರ ‘ಮಂದಾಬಿ’ಯಲ್ಲಿ. ಇದೂ ಅವರದೇ ಫ್ರೆಂಚ್ ನೀಳ್ಗತೆ. ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಸೋದರಳಿಯ ಊರಿನ ಮಾವ ಇಬ್ರಾಹಿಮಾ ಜೆಂಗ್‌ಗೆ 25,000 ಫ್ರಾಂಕುಗಳ ಮನಿಯಾರ್ಡರ್ ಕಳಿಸುತ್ತಾನೆ. ಅದರಲ್ಲಿ 20,000 ಜೋಪಾನವಾಗಿ ಇಡಲು, 3,000 ತನ್ನ ತಾಯಿಗೆ. ಮಾವನ ಪಾಲು ಬರೀ 2,000. ಹಣ ಬಂದ ಸುದ್ದಿಗೇ ಅಂಗಡಿಯವನು ಸಾಲ ಕೊಡುತ್ತಾನೆ, ನೆರೆಹೊರೆಯವರು ಕೈಚಾಚುತ್ತಾರೆ. ಅಂಚೆ ಕಚೇರಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಗುರುತಿನ ಚೀಟಿಗೆ ಜನನ ಪತ್ರ ಬೇಕು. ಹುಟ್ಟಿದ ದಿನ ತಿಳಿಯದವನಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಕಚೇರಿಯಿಂದ ಕಚೇರಿಗೆ ಅಲೆದು ಸಾಲ ಬೆಳೆಸಿಕೊಂಡ ಜೆಂಗ್‌ನ ಹಣವನ್ನು ಕೊನೆಗೆ ನುಂಗಿಹಾಕುವವನು ಸೂಟು ತೊಟ್ಟ ಒಬ್ಬ ವಿದ್ಯಾವಂತ ಬಂಧು. ಈ ಕಥೆಯನ್ನು ಸೆಂಬೆನ್ ವೊಲೊಫ್‌ನಲ್ಲಿ ಹೇಳಿದರು. ಪಶ್ಚಿಮ ಆಫ್ರಿಕಾದ ನುಡಿಯೊಂದರಲ್ಲಿ ಬಂದ ಮೊದಲ ಕಥಾಚಿತ್ರವೆಂದು ಇತಿಹಾಸಕಾರರು ಇದನ್ನು ಗುರುತಿಸುತ್ತಾರೆ. ಹಣ ಮಾತ್ರ ಫ್ರೆಂಚ್ ಸರ್ಕಾರಿ ಸಂಸ್ಥೆಯದ್ದು. ಆ ಋಣಕ್ಕಾಗಿ ಫ್ರೆಂಚ್ ಆವೃತ್ತಿಯೊಂದನ್ನೂ ತೆಗೆಯಬೇಕಾಯಿತು. ಈ ವಿಪರ್ಯಾಸವನ್ನು ಸೆಂಬೆನ್ ಬಲ್ಲವರಾಗಿದ್ದರು, ಅದರೊಳಗೇ ದಾರಿ ಮಾಡಿಕೊಂಡರು.

ಸಿನಿಮಾ ಒಂದರಿಂದಲೇ ಭಾಷೆಯ ಸಮಸ್ಯೆ ಬಗೆಹರಿಯದೆಂದು ತಿಳಿದಿದ್ದ ಅವರು 1971ರಲ್ಲಿ ಭಾಷಾವಿದ್ವಾಂಸ ಪಾಥೆ ಜಾಂಜ್ ಅವರೊಡನೆ ಸೇರಿ ‘ಕದ್ದು’ ಎಂಬ ವೊಲೊಫ್ ಪತ್ರಿಕೆಯನ್ನೂ ಹೊರಡಿಸಿದರು. ಆ ಹೆಸರು ಕನ್ನಡಿಗರ ಕಿವಿಗೆ ಬೇರೆ ಅರ್ಥ ಕೊಟ್ಟರೂ ವೊಲೊಫ್‌ನಲ್ಲಿ ಅದಕ್ಕೆ ಮಾತು, ನುಡಿ ಎಂದರ್ಥ. ‘ಖಲಾ’ ಚಿತ್ರದಲ್ಲಿ ಒಬ್ಬ ಯುವಕ ಬೀದಿಯಲ್ಲಿ ನಿಂತು ಮಾರುವುದು ಇದೇ ಪತ್ರಿಕೆಯನ್ನು.

ಇನ್ನು ‘ಖಲಾ’ಕ್ಕೆ ಬರೋಣ. ಮಾಟದಿಂದ ತಗಲಿದ ಪುರುಷತ್ವಹೀನತೆಗೆ ವೊಲೊಫ್‌ನಲ್ಲಿ ಆ ಹೆಸರು. ಎಲ್ ಹಾಜಿ ಅಬ್ದು ಕಾದಿರ್ ಬೆಯ್ ಸ್ವಾತಂತ್ರ್ಯಾನಂತರ ಉಬ್ಬಿದ ವರ್ತಕ, ವಾಣಿಜ್ಯ ಮಂಡಳಿಯ ಸದಸ್ಯ. ಇಬ್ಬರು ಹೆಂಡಿರಿದ್ದೂ, ಮಗಳ ವಯಸ್ಸಿನ ಹುಡುಗಿಯನ್ನು ಮೂರನೆಯವಳಾಗಿ ಮದುವೆಯಾಗುತ್ತಾನೆ. ಮೊದಲ ರಾತ್ರಿಯೇ ಸೋಲುತ್ತಾನೆ. ಮಾಟ ಮಾಡಿಸಿದವರು ಯಾರೆಂದು ಹೆಂಡಿರನ್ನು ಶಂಕಿಸುತ್ತಾನೆ, ಮಂತ್ರವಾದಿಗಳ ಬಳಿಗೆ ಓಡುತ್ತಾನೆ. ಒಬ್ಬ ಮಂತ್ರವಾದಿ ಗುಣಪಡಿಸುತ್ತಾನೆ. ಆದರೆ ವರ್ತಕ ಕೊಟ್ಟ ಚೆಕ್ಕಿಗೆ ಬ್ಯಾಂಕಿನಲ್ಲಿ ಹಣವಿರುವುದಿಲ್ಲ, ಮಂತ್ರವಾದಿ ರೋಗವನ್ನು ಹಿಂದಿರುಗಿಸುತ್ತಾನೆ. ಕೊನೆಗೆ ತಿಳಿಯುತ್ತದೆ, ಶಾಪ ಹಾಕಿದವನು ದಿನವೂ ಅವನ ಅಂಗಡಿಯ ಮುಂದೆ ಕೂತು ಹಾಡುತ್ತಿದ್ದ ಕುರುಡು ಭಿಕ್ಷುಕ. ಅವನ ಕುಲದವರ ಭೂಮಿಯನ್ನು ಸುಳ್ಳು ದಾಖಲೆಯಿಂದ ಲಪಟಾಯಿಸಿದ್ದು ಇದೇ ವರ್ತಕನ ಸಂಪತ್ತಿನ ಮೂಲ. ಭಿಕ್ಷುಕರೂ ಅಂಗವಿಕಲರೂ ಅವನ ಮನೆಗೆ ನುಗ್ಗಿ, ಬೆತ್ತಲಾಗಿ ನಿಂತರೆ ಒಬ್ಬೊಬ್ಬರೂ ಉಗಿಯುತ್ತೇವೆ, ಆಗ ಗುಣವಾಗುತ್ತೀಯೆ ಎನ್ನುತ್ತಾರೆ.

ಕಾದಂಬರಿಯನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೆ. ಚಿತ್ರವನ್ನು ನೋಡಿದ್ದು ಅನಂತರ. ಒಬ್ಬನೇ ಲೇಖಕ ತನ್ನ ಕಥೆಯನ್ನು ಎರಡನೆಯ ಸಲ ಹೇಳುವಾಗ ಏನನ್ನು ಬದಲಿಸುತ್ತಾನೆಂಬುದು ಕುತೂಹಲದ ವಿಷಯ. ಚಿತ್ರದ ಆರಂಭದಲ್ಲಿ ಆಫ್ರಿಕನ್ನರ ಗುಂಪೊಂದು ವಾಣಿಜ್ಯ ಮಂಡಳಿಯಿಂದ ಫ್ರೆಂಚರನ್ನು ಹೊರಗೆ ಕಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದೇ ಫ್ರೆಂಚರು ಕೈಪೆಟ್ಟಿಗೆಗಳೊಂದಿಗೆ ಮರಳುತ್ತಾರೆ. ಹೊಸ ಯಜಮಾನರು ಪೆಟ್ಟಿಗೆ ತೆರೆದರೆ ತುಂಬ ನೋಟು. ಇದನ್ನು ಗ್ರಹಿಸಲು ಅಕ್ಷರಜ್ಞಾನ ಬೇಕಿಲ್ಲ. ವರ್ತಕನ ಮರ್ಸಿಡಿಸ್ ಕಾರಿಗೆ ಸುರಿಯುವುದು ಫ್ರಾನ್ಸಿನಿಂದ ಬಂದ ಎವಿಯಾನ್ ಬಾಟಲಿ ನೀರು. ಮಗಳು ರಾಮಾ ಆ ನೀರನ್ನು ಕುಡಿಯಲು ಒಲ್ಲೆನೆನ್ನುತ್ತಾಳೆ. ತಂದೆ ಫ್ರೆಂಚಿನಲ್ಲಿ ಮಾತಾಡಿದರೆ ಅವಳು ವೊಲೊಫ್‌ನಲ್ಲಿ ಉತ್ತರಿಸುತ್ತಾಳೆ. ದಿವಾಳಿಯಾದ ವರ್ತಕನನ್ನು ಮಂಡಳಿಯಿಂದ ಹೊರಹಾಕುವ ದಿನ ಅವನಿಗೂ ತಾಯ್ನುಡಿ ನೆನಪಾಗುತ್ತದೆ. ವೊಲೊಫ್‌ನಲ್ಲಿ ಮಾತಾಡಲು ಹೊರಟರೆ ಸಹೋದ್ಯೋಗಿಗಳು ಬಿಡುವುದಿಲ್ಲ. ಅವನ ಕುರ್ಚಿಗೆ ಬರುವವನು, ಹಳ್ಳಿಗನೊಬ್ಬನ ಜೇಬು ಕತ್ತರಿಸಿದ ಕಳ್ಳ.

ಅಂತ್ಯವೂ ಬೇರೆ. ಕಾದಂಬರಿಯ ಕೊನೆಯಲ್ಲಿ ಮನೆಯ ಹೊರಗೆ ಪೊಲೀಸರು ಬಂದೂಕು ಎತ್ತಿ ಗುರಿಯಿಟ್ಟು ನಿಂತಿದ್ದಾರೆ; ಭಿಕ್ಷುಕರ ಗತಿಯೇನೆಂದು ಓದುಗ ಊಹಿಸಬೇಕು. ಚಿತ್ರದಲ್ಲಿ ಉಗುಳಿನಿಂದ ತೊಯ್ದ ವರ್ತಕನ ಮೈಯ ಮೇಲೆ ಬಿಂಬ ಸ್ತಬ್ಧವಾಗುತ್ತದೆ, ಅಲ್ಲಿಗೆ ಮುಗಿಯಿತು. ಬಂದೂಕು ಕಾಣದು. ಫ್ರೆಂಚ್ ಬಲ್ಲ ಓದುಗನಿಗೆ ಪ್ರಭುತ್ವದ ಬಲವನ್ನು ನೆನಪಿಸಿದ ಲೇಖಕ, ಚಿತ್ರಮಂದಿರದಲ್ಲಿ ಕೂತ ಬಡವನಿಗೆ ಅವನ ಬಲವನ್ನೇ ತೋರಿಸಿದರು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕತ್ತರಿ ಏಕೆ ಪುಸ್ತಕವನ್ನು ಬಿಟ್ಟು ಚಿತ್ರವನ್ನು ಹುಡುಕಿ ಬಂತೆಂಬುದಕ್ಕೆ ಉತ್ತರ ಇಲ್ಲಿದೆ. ಆಳುವವರು ಹೆದರುವುದು ಏನು ಹೇಳಲಾಗಿದೆ ಎಂಬುದಕ್ಕಿಂತ ಅದು ಯಾರ ಕಿವಿಗೆ ಬಿದ್ದಿದೆ ಎಂಬುದಕ್ಕೆ.

ಈ ಭಯಕ್ಕೆ ಇನ್ನೂ ಸ್ವಾರಸ್ಯದ ಸಾಕ್ಷ್ಯ ‘ಚೆಡ್ಡೊ’ ಚಿತ್ರದ ಪ್ರಕರಣ. ಇಸ್ಲಾಂ, ಕ್ರೈಸ್ತ ಮಿಶನರಿ, ಗುಲಾಮರ ವ್ಯಾಪಾರ ಮೂರೂ ಒಂದು ಹಳ್ಳಿಯ ಮೇಲೆ ಎರಗುವ ಕಥೆ. 1977ರಲ್ಲಿ ಸಿದ್ಧವಾದ ಆ ಚಿತ್ರವನ್ನು ಸೆಂಗೋರ್ ಸರ್ಕಾರ ತಡೆಯಿತು. ಕೊಟ್ಟ ಅಧಿಕೃತ ಕಾರಣ: ಸರ್ಕಾರದ ಕಾಗುಣಿತ ನಿಯಮದಂತೆ ಹೆಸರಿನಲ್ಲಿ ಒಂದೇ ‘ಡ’ ಇರಬೇಕಿತ್ತು, ಸೆಂಬೆನ್ ಎರಡು ಬರೆದಿದ್ದರು. ಅವರು ಒಂದು ಅಕ್ಷರವನ್ನೂ ಬಿಡಲಿಲ್ಲ. ಕತೆಗೂ ಕತ್ತೆಗೂ ನಡುವೆ ಇರುವುದು ಒಂದು ಒತ್ತಕ್ಷರ ಮಾತ್ರ ಎಂದು ಬಲ್ಲ ಕನ್ನಡಿಗರಿಗೆ ಅವರ ಹಟ ಸುಲಭವಾಗಿ ಅರ್ಥವಾದೀತು. ಸೆಂಗೋರ್ 1980ರ ಕೊನೆಯಲ್ಲಿ ಅಧಿಕಾರ ಬಿಟ್ಟ ಮೇಲಷ್ಟೇ ಆ ಚಿತ್ರ ತಾಯ್ನಾಡಿನ ಜನರನ್ನು ಮುಟ್ಟಿತು.

ಸೆಂಬೆನ್ ಅವರ ಹಾದಿಯಲ್ಲಿ ಮಿತಿಗಳಿರಲಿಲ್ಲವೆಂದಲ್ಲ. ವೊಲೊಫ್ ಕೂಡ ಎಲ್ಲರ ನುಡಿಯಲ್ಲ. ಅದನ್ನರಿತೇ ಅವರು 1971ರ ‘ಎಮಿತಾಯ್’ ಚಿತ್ರವನ್ನು ಕಾಸಮಾನ್ಸ್‌ನ ಜೋಲಾ ನುಡಿಯಲ್ಲಿ ಮಾಡಿದರು. ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ಎಂಬತ್ತರ ಹರೆಯದಲ್ಲಿ ತೆಗೆದ, 2004ರ ‘ಮೂಲಾದೆ’ಯನ್ನು ಬಂಬಾರಾದಲ್ಲಿ ಮಾಡಿದರು. ಚಿತ್ರಮಂದಿರಗಳ ಜಾಲವಾದರೂ ಬಹುಕಾಲ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಅದಕ್ಕೂ ಅವರಲ್ಲಿ ಉತ್ತರವಿತ್ತು: ರೀಲುಗಳನ್ನು ಹೊತ್ತು ಹಳ್ಳಿಗಳಿಗೆ ಹೋಗುವುದು, ಚಿತ್ರ ತೋರಿಸಿ ಜನರೊಡನೆ ಚರ್ಚಿಸುವುದು. ಸಿನಿಮಾ ಎಂದರೆ ಜನರ ರಾತ್ರಿಶಾಲೆ ಎಂದು ಅವರು ನಂಬಿದ್ದರು. ಸಾಮ್ರಾಜ್ಯಶಾಹಿಯನ್ನು ಎದುರಿಸಿದ ಸಮೋರಿ ತೂರೆ ಕುರಿತ ದೊಡ್ಡ ಚಿತ್ರದ ಕನಸು ಮಾತ್ರ ನನಸಾಗಲಿಲ್ಲ. 2007ರ ಜೂನ್ 9ರಂದು ಡಕಾರ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 84 ವರ್ಷ.

‘ಮಂದಾಬಿ’ ನೋಡಿ ಬಂದ ಮೇಲೆ ಒಂದು ಸಂಜೆ ಅದರ ಕಥೆಯನ್ನು ನನ್ನ ತಾಯಿಗೆ ಹೇಳಿದೆ. ಈ ಸಲ ಒಂದು ಮಾತಿನಲ್ಲಿ ಮುಗಿಸಲಿಲ್ಲ. ಜೆಂಗ್ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಅವರು ನಕ್ಕರು, ಬಂಧುವೇ ಹಣ ನುಂಗಿದಾಗ ಸುಮ್ಮನಾದರು. ಸ್ವಲ್ಪ ಹೊತ್ತಿನ ಬಳಿಕ, ತಂದೆ ತೀರಿಕೊಂಡ ವರ್ಷ ವಿಧವಾ ವೇತನಕ್ಕಾಗಿ ತಾವು ಒಂದು ಕಚೇರಿಯ ಮುಂದೆ ಎಷ್ಟು ದಿನ ನಿಂತಿದ್ದರೆಂದೂ, ಹುಟ್ಟಿದ ವರ್ಷ ಹೇಳಲಾಗದ್ದಕ್ಕೆ ಗುಮಾಸ್ತರು ಹೇಗೆ ನಕ್ಕಿದ್ದರೆಂದೂ ವಿವರವಾಗಿ ಹೇಳಿದರು. ಆ ವರ್ಷ ನಾನು ಇದೇ ನಗರದಲ್ಲಿ ಕೂತು ಬಡವರ ಬವಣೆಯ ಬಗ್ಗೆ ಬರೆಯುತ್ತಿದ್ದೆ. ಅವರ ಕಥೆ ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಅವರಿಗೆ ಏನನ್ನೂ ಹೇಳಿರಲಿಲ್ಲವಾಗಿ, ಅವರೂ ನನಗೆ ಹೇಳಿರಲಿಲ್ಲ.